ಕಚ್ಚಾ ಹೊಲಿಗೆಯ ನಕ್ಷೆ

“ಮೂರು ಒಗಟು ಬಿಡಿಸಿದವರಿಗೆ ಮಂತ್ರಿ ಪದವಿ, ತಪ್ಪಿದವರಿಗೆ ತಲೆದಂಡ” ಎಂದು ರಾಣಿ ಗಿರಿಯಾಂಬೆ ಊರೂರಲ್ಲಿ ಡಂಗುರ ಸಾರಿಸಿದಳು. ಅರಮನೆಗೂ ಕಂಪ್ಯೂಟರು ಬಂದಿದ್ದ ಕಾಲ ಅದು. ಹೋದ ಮಳೆಗಾಲದಲ್ಲಿ ಹಳೆಯ ಮಂತ್ರಿ, ಕೆರೆ ಎಷ್ಟು ನೀರು ಹಿಡಿಯಬಹುದೆಂಬ ಬರೀ ಅಂದಾಜನ್ನು ಕಂಬ, ಗೆರೆಗಳ ನುಣುಪಾದ ನಕ್ಷೆ ಮಾಡಿ ತೋರಿಸಿದ್ದ. ಎಲ್ಲರೂ ತಲೆಯಾಡಿಸಿದರು. ಕೆರೆ ಅಷ್ಟು ನೀರು ಹಿಡಿಯಲಿಲ್ಲ; ಏರಿ ಒಡೆದು ಎರಡು ಕೇರಿ ಕೊಚ್ಚಿಹೋದವು, ಮಂತ್ರಿಯ ಪದವಿಯೂ ಹೋಯಿತು.

ಒಬ್ಬ ಪಂಡಿತ ಮೊದಲ ಒಗಟಿಗೇ ಮುಗ್ಗರಿಸಿದ. ಇನ್ನೊಬ್ಬ ಎರಡನೆಯದಕ್ಕೆ “ಕುಡುಕನ ಕೈ” ಅಂದ. ಇಬ್ಬರೂ ಸೆರೆಯಲ್ಲಿ ಕೂತು ಕತ್ತಿಗೆ ಕಾಯುತ್ತಿದ್ದರು.

ಆಮೇಲೆ ಬಂದವನು ದರ್ಜಿ ತಿಪ್ಪೇಶ. ಹೊಲಿಗೆಯ ಬಿಡುವಿನಲ್ಲಿ ಕಂಪ್ಯೂಟರಿಗೆ ಕೋಡ್ ಬರೆಯಲು ಕಲಿತವನು. ಸಭೆ ನಕ್ಕಿತು, ಸಭೆಗಳಿಗೆ ಅದೊಂದು ಚೆನ್ನಾಗಿ ಬರುತ್ತದೆ.

ರಾಣಿ ಕೇಳಿದಳು: “ಒಂದೇ ನೆಲದ ಮೇಲೆ ಸಾಲಾಗಿ ನಿಂತವರು, ಒಬ್ಬರೆತ್ತರ ಒಬ್ಬರಿಗಿಲ್ಲ. ಬಾಯಿಲ್ಲದೆ ರಾಜ್ಯದ ಸುಖದುಃಖ ಹೇಳುತ್ತಾರೆ. ಯಾರು?”

“ನಕ್ಷೆಯೊಳಗಿನ ಕಂಬಗಳ್ರೀ ಅವ್ವಾರ. ಎತ್ತರನ ಅವುಗಳ ಮಾತು.”

“ನಡುಗದ ಕೈಯೊಂದು ನಡುಗುವ ಗೆರೆ ಎಳೆಯುತ್ತದೆ. ಯಾವ ಕೈ?”

“ಕೋಡಿನ ಕೈ. ನೆಟ್ಟಗ ಎಳೀತೈತಿ. ಆದ್ರ ಒಂದೊಂದು ಚುಕ್ಕಿನೂ ಚೂರು ಆಚೀಚೆ ಸರಿಸು ಅಂದ್ರ, ಬ್ರೌಸರಿನ್ಯಾಗ ಹುಡುಗರ ಕಾಮಿಕ್ಸಿನಂಗ ಗೀಚತೈತಿ.”

“ಸೊಟ್ಟಗಿರುವುದರಿಂದಲೇ ನಿಜ ಹೇಳುವ ಗೆರೆ ಯಾವುದು?”

ತಿಪ್ಪೇಶನಿಗೆ ಉತ್ತರ ಗೊತ್ತಿತ್ತು, ಇವರು ನಂಬುವಂತೆ ಹೇಳುವುದು ಹೇಗೆಂದು ತಿಳಿಯಲಿಲ್ಲ. “ತೋರಿಸ್ತೀನ್ರೀ” ಎಂದು ಬ್ರೌಸರ್ ತೆರೆದು ನಾಲ್ಕು ಸಾಲು ಕೋಡ್ ಬರೆದ. ಕೆರೆಯ ಈ ವರ್ಷದ ಅಂದಾಜು ಕೈಯಲ್ಲಿ ಗೀಚಿದಂತೆ ಓರೆಕೋರೆಯಾಗಿ ಪರದೆಯ ಮೇಲೆ ಮೂಡಿತು.

ಬಾಗಿಲು ಕಾಯುವ ಹೊನ್ನಜ್ಜ ಇಣುಕಿದ. “ಇದು ತಪ್ಪಪ್ಪ. ಕೆರ್ಯಾಗ ಹೂಳು ತುಂಬೈತಿ, ಇಷ್ಟು ನೀರು ಹಿಡಿಯಂಗಿಲ್ಲ. ಮಳಿ ಬರೋದ್ರೊಳಗ ತೂಬು ಎತ್ತಿ ನೀರು ಬಿಡಬೇಕು.”

ತಿಪ್ಪೇಶನಿಗೆ ಜೀವ ಬಂತು. “ಅವ್ವಾರ, ನಾವು ಮೊದಲು ಕಚ್ಚಾ ಹೊಲಿಗಿ ಹಾಕಿ ಅಂಗಿ ತೊಡಸ್ತೀವಿ. ಆಗ ಮಂದಿ ಬಗಲಾಗ ಬಿಗಿ ಆತು ಅಂತಾರ. ಪಕ್ಕಾ ಹೊಲಿಗಿ ಕಂಡ್ರ, ಬಿಗಿ ಆದ್ರೂ ಸುಮ್ಮನ ತೊಟ್ಕೊಂಡು ಹೋಗ್ತಾರ. ಅಂದಾಜಿನ ಗೆರಿ ಅಂದಾಜಿನಂಗ ಕಾಣಬೇಕು. ಅದೇ ನನ್ನ ಉತ್ತರ.”

ರಾಣಿ ಹೊನ್ನಜ್ಜನತ್ತ ತಿರುಗಿದಳು. “ಹೋದ ವರ್ಷದ ನಕ್ಷೆಯನ್ನೂ ನೀನು ನೋಡಿದ್ದೆಯಲ್ಲ?”

“ನೋಡಿದ್ನಿ. ಅದು ಅಚ್ಚು ಹೊಡದಂಗಿತ್ತು, ಅವ್ವಾರ. ತಪ್ಪು ಅನ್ನಾಕ ನಾನ್ಯಾರು?”

ರಾಣಿಯ ಕಣ್ಣು ತುಂಬಿತು. ಅಂದೇ ತೂಬು ಎತ್ತಿಸಿದಳು. ಮಂತ್ರಿಯಾದ ತಿಪ್ಪೇಶ ಮೊದಲು ಪಂಡಿತರಿಬ್ಬರನ್ನೂ ಬಿಡಿಸಿದ, ಆಮೇಲೆ ಪರದೆಯ ಪಕ್ಕದಲ್ಲಿ ಹೊನ್ನಜ್ಜನಿಗೊಂದು ಪೀಠ ಹಾಕಿಸಿದ.

ಆ ವರ್ಷ ಮಳೆ ಹೋದ ಸಲಕ್ಕಿಂತ ಜೋರಾಗಿ ಸುರಿಯಿತು. ಕೆರೆಯ ಏರಿ ಒಡೆಯದೆ ನಿಂತಿತು.