ತುಳಜವ್ವನ ಪದದ ಪ್ರತಿ

ಮಲಪ್ರಭೆಯ ದಂಡೆಯಲ್ಲಿ ಅಡವೆಯ್ಯಜ್ಜನ ಆಶ್ರಮ. ಎರಡು ಕೋಣೆ, ಒಂದು ಬೇವಿನ ಮರ, ಒಂದು ಕಂಪ್ಯೂಟರ್.

ಕಂಪ್ಯೂಟರ್ ಯಾರದೋ ಮನೆಯಲ್ಲಿ ಹಳೆಯದಾಗಿ ಇಲ್ಲಿಗೆ ಬಂದದ್ದು. ಅದರೊಳಗೆ ನಾನೂರ ಹನ್ನೆರಡು ತತ್ವಪದಗಳಿದ್ದವು. ಅಜ್ಜ ಒಂಬತ್ತು ವರ್ಷ ಊರೂರು ನಡೆದು, ಹಿರಿಯರ ಮುಂದೆ ಕೂತು, ಅವರವರ ದನಿಯಲ್ಲೇ ಹಿಡಿದಿಟ್ಟ ಪದಗಳು. ಹಾಡಿದವರಲ್ಲಿ ಅರ್ಧ ಮಂದಿ ಈಗ ಇಲ್ಲ.

ಅವನ್ನು ಕಾಯುವ ಕೆಲಸ ಶಿಷ್ಯ ಶಂಭುಲಿಂಗನದು.

ಪ್ರತಿ ಅಮಾವಾಸ್ಯೆಗೆ ಪಕ್ಕದ ಊರಿನಿಂದ ನಿಂಬೆವ್ವ ತನ್ನ ತಾಯಿಯ ಪದ ಕೇಳಲು ನಡೆದು ಬರುತ್ತಿದ್ದಳು. ಅವಳ ತಾಯಿ ತುಳಜವ್ವ ತೀರಿಕೊಂಡ ವರ್ಷವೇ ಅಜ್ಜನಿಗೊಂದು ಪದ ಹಾಡಿಕೊಟ್ಟಿದ್ದಳು. ಮೂರನೆಯ ನುಡಿಯಲ್ಲಿ ಅವಳಿಗೆ ಕೆಮ್ಮು ಬರುತ್ತದೆ. ತಡೆದು, ಮತ್ತೆ ಎತ್ತಿಕೊಳ್ಳುತ್ತಾಳೆ.

ಆ ಕೆಮ್ಮನ್ನು ಕತ್ತರಿಸಿ ಪದವನ್ನು ಚೊಕ್ಕ ಮಾಡಲು ಶಂಭುಲಿಂಗ ಒಮ್ಮೆ ಹೊರಟಿದ್ದ.

ನಿಂಬೆವ್ವ ಅವನ ಕೈ ಹಿಡಿದಳು. "ಕೆಮ್ಮು ತಗೀಬ್ಯಾಡ್ರಿ. ಅದರಾಗ ನಮ್ಮವ್ವ ಅದಾಳ."

ಅಜ್ಜನದೊಂದು ಕಟ್ಟಳೆ ಇತ್ತು. ಆಶ್ರಮಕ್ಕೆ ಬಂದವರು ಯಾರೇ ಇರಲಿ, ಹೋಗುವಾಗ ಅವರ ಫೋನಿಗೆ ಒಂದಾದರೂ ಪದ ಹಾಕಿ ಕಳಿಸಬೇಕು. ಅದಕ್ಕೆ ಅವರು ಪ್ರಸಾದ ಎನ್ನುತ್ತಿದ್ದರು. ನಿಂಬೆವ್ವನ ಹತ್ತಿರ ಫೋನ್ ಇರಲಿಲ್ಲ, ಹಾಗಾಗಿ ಅವಳಿಗೆ ಪ್ರಸಾದವೂ ಇರಲಿಲ್ಲ.

ಶಂಭುಲಿಂಗನಿಗೆ ಈ ಹಂಚುವ ಕೆಲಸ ದೊಡ್ಡ ಕಿರಿಕಿರಿ.

"ಅಜ್ಜಾರ, ಬಂದವರಿಗೆಲ್ಲಾ ಕೊಟ್ಟು ಕೊಟ್ಟು ನನ್ನ ಕೆಲಸ ನಿಂತದ್ರಿ."

"ನಿನ್ನ ಕೆಲಸ ಏನಪ್ಪಾ?"

"ಪದ ಕಾಯೂದ್ರಿ."

"ಅದನ್ನ ಮಾಡಾಕತ್ತೀಯಲ್ಲ," ಎಂದರು ಅಜ್ಜ.

ಶಂಭುಲಿಂಗ ಮೈಗಳ್ಳನಲ್ಲ. ಪ್ರತಿ ಸೋಮವಾರ ಸ್ನಾನ ಮಾಡಿ, ಪದಗಳನ್ನು ಒಂದು ಹಾರ್ಡ್ ಡಿಸ್ಕಿಗೆ ತುಂಬಿ, ಕಾವಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಮೇಲೊಂದು ಪೆನ್ ಡ್ರೈವಿಗೂ ಹಾಕುತ್ತಿದ್ದ. ಇಷ್ಟು ಭಕ್ತಿಯಿಂದ ಬ್ಯಾಕಪ್ ಮಾಡಿದವರನ್ನು ನಾನಂತೂ ಕಂಡಿಲ್ಲ.

"ಇಟ್ಟದ್ದನ್ನ ತಗದು ನೋಡೀಯೇನು?" ಎಂದು ಅಜ್ಜ ಒಮ್ಮೆ ಕೇಳಿದರು.

"ಏನು ನೋಡೂದ್ರಿ? ಇಟ್ಟದ್ದು ಇದ್ದೇ ಇರ್ತದ."



ಮಹಾನವಮಿ ಬಂತು. ಆಯುಧ ಪೂಜೆ. ಕುಡುಗೋಲು, ಕೊಡಲಿಗಳ ಜೊತೆ ಶಂಭುಲಿಂಗ ಕಂಪ್ಯೂಟರನ್ನೂ ಇಟ್ಟ. ಡಿಸ್ಕನ್ನೂ ಇಟ್ಟ, ಪೆನ್ ಡ್ರೈವನ್ನೂ ಇಟ್ಟ. ಅವೂ ಆಯುಧಗಳೇ ತಾನೆ, ಒಂದನ್ನು ಬಿಟ್ಟು ಒಂದಕ್ಕೆ ಪೂಜೆ ಮಾಡಲು ಅವನಿಗೆ ಮನಸ್ಸು ಬರಲಿಲ್ಲ. ಸುತ್ತ ಥರ್ಮೊಕೋಲಿನ ಮಂಟಪ ಕಟ್ಟಿದ. ಮೂರಕ್ಕೂ ವಿಭೂತಿ ಹಚ್ಚಿ, ಹೂವಿಟ್ಟು, ದೀಪ ಹಚ್ಚಿದ.

ಗುರು ಶಿಷ್ಯರಿಬ್ಬರೂ ನೀರು ತರಲು ಹೊಳೆಗೆ ಇಳಿದರು. ಕೊಡ ಹೊತ್ತು ಬರುವಷ್ಟರಲ್ಲಿ ಕೋಣೆಯ ತುಂಬ ಹೊಗೆ. ಮಂಟಪ ಧಗಧಗ ಉರಿಯುತ್ತಿತ್ತು.

ನೀರು ಸುರಿದು ಆರಿಸಿದರು. ಕಂಪ್ಯೂಟರ್ ಕರಗಿತ್ತು, ಡಿಸ್ಕು ಕಾವಿ ಬಟ್ಟೆಯ ಸಮೇತ ಸುಟ್ಟಿತ್ತು. ಆರತಿಯ ಹಿತ್ತಾಳೆ ತಟ್ಟೆಯ ಕೆಳಗೆ ಸಿಕ್ಕಿಕೊಂಡ ಪೆನ್ ಡ್ರೈವ್ ಮಾತ್ರ ಉಳಿದಿತ್ತು.

ಶಂಭುಲಿಂಗ ಅದನ್ನು ಕಣ್ಣಿಗೊತ್ತಿಕೊಂಡು, ಸುಟ್ಟ ಡಿಸ್ಕನ್ನೂ ಚೀಲಕ್ಕೆ ಹಾಕಿ, ಪೇಟೆಯ ಕಂಪ್ಯೂಟರ್ ಅಂಗಡಿಗೆ ಓಡಿದ.

ಅಂಗಡಿಯವನು ಡಿಸ್ಕನ್ನು ನೋಡಿ ತಲೆಯಾಡಿಸಿದ. ಪೆನ್ ಡ್ರೈವ್ ಚುಚ್ಚಿದ. ತೆರೆಯ ಮೇಲೆ ನಾನೂರ ಹನ್ನೆರಡು ಹೆಸರುಗಳು ಸಾಲಾಗಿ ಬಂದವು. ತುಳಜವ್ವನ ಹೆಸರೂ ಇತ್ತು. ಶಂಭುಲಿಂಗನಿಗೆ ಹೋದ ಜೀವ ಬಂದಂತಾಯಿತು.

ಒಂದನ್ನು ಒತ್ತಿದರು, ತೆರೆಯಲಿಲ್ಲ. ಇನ್ನೊಂದನ್ನು ಒತ್ತಿದರು. ಅದೂ ತೆರೆಯಲಿಲ್ಲ.

"ಇವು ಪದ ಅಲ್ರಿ, ಶಾರ್ಟ್‌ಕಟ್," ಎಂದ ಅಂಗಡಿಯವನು. "ಪದ ಹಳೇ ಮಷೀನಿನಾಗ ಎಲ್ಲಿ ಐತಿ ಅಂತ ಬಟ್ಟು ಮಾಡಿ ತೋರಸೂ ಗುರುತು, ಅಷ್ಟ. ಇಷ್ಟು ಪದ ಕಾಪಿ ಆಗಾಕ ಎಷ್ಟೊತ್ತು ಹಿಡೀತಿತ್ತು?"

"ಕಣ್ಣು ಮುಚ್ಚಿ ತಗಿಯೂದ್ರಾಗ ಆಗ್ತಿತ್ರಿ. ನಾ ಗುರುಕೃಪೆ ಅಂತ ತಿಳಕೊಂಡಿದ್ದೆ."

ಅಂಗಡಿಯವನು ನಗಲಿಲ್ಲ. ಒಳ್ಳೆಯ ಮನುಷ್ಯ.

ಅಮಾವಾಸ್ಯೆಗೆ ನಿಂಬೆವ್ವ ಬಂದಳು. ಶಂಭುಲಿಂಗ ಹಿತ್ತಲಿಗೆ ಜಾರಿಕೊಳ್ಳುವುದರಲ್ಲಿದ್ದ.

"ನೀನ ಹೇಳು," ಎಂದರು ಅಜ್ಜ.

ಅವನು ಹೇಳಿದ. ನಿಂಬೆವ್ವ ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು.

"ಹಂಗಾರ ನಮ್ಮವ್ವ ಇನ್ನೊಮ್ಮೆ ಹೋದ್ಲು," ಎಂದಷ್ಟೇ ಹೇಳಿ ನಡೆದುಬಿಟ್ಟಳು.

ಶಂಭುಲಿಂಗ ಅಜ್ಜನ ಕಾಲಿಗೆ ಬಿದ್ದ. "ಏನರ ಶಿಕ್ಷಾ ಕೊಡ್ರಿ ಅಜ್ಜಾರ."

"ಚಪ್ಪಲಿ ಮೆಟ್ಟು."

"ಎಲ್ಲಿಗ್ರಿ?"

"ಪ್ರಸಾದ ತಗೊಂಡವರ ಮನೀಗೆ."

"ಯಾರಿಗೆ ಯಾವ ಪದ ಕೊಟ್ಟೀನಿ ಅಂತ ಬರದಿಟ್ಟಿಲ್ರಿ."

"ಹಂಗಾರ ಎಲ್ಲಾರ ಮನೀಗೂ ಹೋಗು."

ನಾಲ್ಕು ತಿಂಗಳು ನಡೆದ. ಅವನು ಬೇಸರದಿಂದ ಹಂಚಿದ್ದ ಪದಗಳನ್ನು ಜನ ಅವನನ್ನು ಬಾಗಿಲಲ್ಲಿ ಕೂರಿಸಿ, ಚಹಾ ಕೊಟ್ಟು, ಪ್ರೀತಿಯಿಂದ ಮರಳಿ ಕೊಟ್ಟರು. ಕೆಲವರು ಮದುವೆಯ ವಿಡಿಯೊಗೆ ಜಾಗ ಸಾಲದೆ ಅಳಿಸಿಬಿಟ್ಟಿದ್ದರು. ಆದರೆ ಒಬ್ಬರು ಅಳಿಸಿದ್ದು ಇನ್ನೊಬ್ಬರಲ್ಲಿ ಸಿಗುತ್ತಿತ್ತು. ಅಡವೆಯ್ಯಜ್ಜನಿಗೆ ಮೌಸ್ ಹಿಡಿಯಲೂ ಬಾರದು. ಅಂಥವರು ಇಡೀ ಸೀಮೆಯನ್ನೇ ತಮ್ಮ ಪದಗಳ ಪೆಟ್ಟಿಗೆ ಮಾಡಿಕೊಂಡಿದ್ದರಲ್ಲ ಎಂದು ನೆನೆದರೆ ನನಗೆ ಈಗಲೂ ಕೈಮುಗಿಯಬೇಕೆನಿಸುತ್ತದೆ.

ಮುನ್ನೂರ ಎಂಬತ್ತಾರು ಪದ ಮರಳಿದವು. ತುಳಜವ್ವನದು ಮರಳಲಿಲ್ಲ.

ಕೊನೆಗೆ ಒಂದು ಸಂತೆಯ ಊರಿನಲ್ಲಿ, ಉಳ್ಳಾಗಡ್ಡಿ ತುಂಬಿದ ಟೆಂಪೊ ಪಕ್ಕ ದಸ್ತಗೀರಸಾಬ ಸಿಕ್ಕ. ಎರಡು ವರ್ಷದ ಹಿಂದೆ ಆಶ್ರಮಕ್ಕೆ ಒಮ್ಮೆ ಬೇವಿನ ನೆರಳಿಗೆಂದು ಬಂದಿದ್ದ ಚಾಲಕ. ಮುದುಕ.

"ಕೊಟ್ಟಿದ್ರಲ್ರಿ, ಒಬ್ಬ ಅವ್ವನ ಪದ," ಎಂದ. "ಗಾಡಿ ಚಾಲೂ ಮಾಡೂಕಿಂತ ಮೊದಲ ದಿನಾ ಒಮ್ಮೆ ಕೇಳತೇನಿ. ಮೂರನೇ ನುಡಿಯಾಗ ಆಕೀಗೆ ಕೆಮ್ಮು ಬರ್ತದ. ಆಕಿ ಸುಧಾರಿಸಿಕೊಳ್ಳೂ ಮಟ ನಾನೂ ಕೀಲಿ ತಿರುವೂದಿಲ್ಲ."

ಶಂಭುಲಿಂಗ ಸಂತೆಯ ನಡುವೆ ನಿಂತು ಅತ್ತ.

ಮುಂದಿನ ಅಮಾವಾಸ್ಯೆಗೆ ನಿಂಬೆವ್ವನಿಗೆ ಹೇಳಿಕಳಿಸಿದರು. ಆಶ್ರಮಕ್ಕೆ ಇನ್ನೊಂದು ಹಳೆಯ ಕಂಪ್ಯೂಟರ್ ಬಂದಿತ್ತು. ಅವಳು ಅದರ ಮುಂದೆ ಚಾಪೆಯ ಮೇಲೆ ಕೂತಳು.

"ಅಜ್ಜಾರ, ಈ ಸಲ ಚಿಂತಿ ಇಲ್ರಿ," ಎಂದ ಶಂಭುಲಿಂಗ. "ಒಂದು ಇಲ್ಲಿ. ಒಂದು ಡಿಸ್ಕು ಊರಾಗ ಅಂಗನವಾಡಿ ಟೀಚರ್ ಮನ್ಯಾಗ. ಇನ್ನೊಂದು ಪ್ಯಾಟ್ಯಾಗ, ಅಂಗಡಿಯವರ ಕಡೆ. ಒಂದ ಕಡೆ ಇಡೂ ತಪ್ಪು ಮತ್ತ ಮಾಡಿಲ್ಲ."

"ಚಲೋ ಆತು," ಎಂದರು ಅಜ್ಜ. "ತುಳಜವ್ವನ ಪದ ಅಳಸು."

ಶಂಭುಲಿಂಗನ ಬೆರಳು ನಿಂತಿತು. ನಿಂಬೆವ್ವ ಅಜ್ಜನ ಮುಖ ನೋಡಿದಳು.

"ಅಳಸು."

ಅಳಿಸಿದ.

"ಕಸದ ಬುಟ್ಟಿ ಅಂತ ಒಂದು ಇರ್ತದಲ್ಲ, ಅದನ್ನೂ ಖಾಲಿ ಮಾಡು."

ಮಾಡಿದ.

"ಈಗ ಆಕೀಗೆ ಕೇಳಸು."

ಶಂಭುಲಿಂಗ ಊರಿನೊಳಕ್ಕೆ ಓಡಿದ. ಅಂಗನವಾಡಿ ಟೀಚರ್ ಮನೆಯಿಂದ ಡಿಸ್ಕು ತಂದ. ಅಲ್ಲಿಯವರೆಗೆ ನಿಂಬೆವ್ವ ಚಾಪೆಯಿಂದ ಏಳಲಿಲ್ಲ. ಅಜ್ಜನೂ ಅವಳ ಪಕ್ಕದಲ್ಲೇ ಕೂತಿದ್ದರು.

ಡಿಸ್ಕು ಚುಚ್ಚಿದ. ಹುಡುಕಿದ. ಪದ ಸಿಕ್ಕಿತು. ಅದನ್ನು ಕಂಪ್ಯೂಟರಿಗೆ ಮರಳಿ ಹಾಕಿ ಒತ್ತಿದ.

ತುಳಜವ್ವ ಹಾಡತೊಡಗಿದಳು.

ನಿಂಬೆವ್ವ ಕಣ್ಣು ಮುಚ್ಚಿದಳು. ಪದ ಮುಗಿಯುವವರೆಗೆ ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ಮುಗಿದ ಮೇಲೆ ಅವಳು ಶಂಭುಲಿಂಗನ ತಲೆಯ ಮೇಲೆ ಕೈಯಿಟ್ಟು, ಮನೆಗೆ ಹೊರಟಳು.

ಅವಳು ಬೇವಿನ ಮರ ದಾಟಿ ಹೋದದ್ದನ್ನು ನೋಡಿಕೊಂಡು ಶಂಭುಲಿಂಗ ಕೇಳಿದ:

"ಅಜ್ಜಾರ, ಆ ಡಿಸ್ಕಿನ್ಯಾಗ ಪದ ಇರದಿದ್ರ?"

"ಇಲ್ಲ ಅಂತ ಇವತ್ತ ಗೊತ್ತಾಗ್ತಿತ್ತು," ಎಂದರು ಅಡವೆಯ್ಯಜ್ಜ. "ಮತ್ತ ತರಾಕ ದಸ್ತಗೀರಸಾಬ ಇನ್ನೂ ಬದುಕಿದಾನಲ್ಲ."