ಸೂರ್ಯ ಬೆನ್ನು ತಿರುವಿದ ಶಾಲೆ

ಗುರುಗಳು ಭೂಮಿಯಾಗುತ್ತಿದ್ದರು. ಶಿಷ್ಯ ಸೂರ್ಯನಾಗುತ್ತಿದ್ದ.

ಊರೂರು ತಿರುಗಿ ಶಾಲೆಯ ಮಕ್ಕಳಿಗೆ ಹಾಡಿನ ಆಟ ಆಡಿ ಪಾಠ ಕಲಿಸುವುದು ಅವರ ಕೆಲಸ. ಕಲ್ಮೇಶಪ್ಪ ಗುರುಗಳು ಹಾಡು ಕಟ್ಟುತ್ತಿದ್ದರು. ಯಮನೂರ ಗಂಟುಮೂಟೆ ಹೊತ್ತು ಅವರ ಹಿಂದೆ ನಡೆಯುತ್ತಿದ್ದ. ಹೊಳೆ ಸಿಕ್ಕಲ್ಲಿ ಸ್ನಾನ, ಮರ ಸಿಕ್ಕಲ್ಲಿ ಮಠ.

ಆ ವರ್ಷದ ಆಟ ಚಂದ್ರನದು.

ಶಾಲೆಯ ಕೋಣೆಯ ಕಿಟಕಿಗಳಿಗೆಲ್ಲ ಜಮಖಾನೆ ಕಟ್ಟಿ ಕತ್ತಲು ಮಾಡುತ್ತಿದ್ದರು. ನಟ್ಟನಡುವೆ ನೀಲಿ ಶಾಲು ಹೊದ್ದು, ತೊಡೆಯ ಮೇಲೆ ಬಾರಿಸುವ ದಪ್ಪು ಇಟ್ಟುಕೊಂಡ ಗುರುಗಳು. ಅವರ ಸುತ್ತ ಒತ್ತಿಕೊಂಡು ಮಕ್ಕಳು. ಅದು ಭೂಮಿ. ಗೋಡೆಯ ಹತ್ತಿರ ಎತ್ತರದ ಸ್ಟೂಲಿನ ಮೇಲೆ ಹಳದಿ ರುಮಾಲು ಸುತ್ತಿದ ಯಮನೂರ, ಕೈಯಲ್ಲಿ ಗ್ಯಾಸ್‌ಬತ್ತಿ, ಬತ್ತಿಯ ಹಿಂದೆ ತಗಡಿನ ಮರೆ. ಅದು ಸೂರ್ಯ.

ಚಂದ್ರ ಹುಲಿಗೆವ್ವ. ಹೋದ ಸುಗ್ಗಿಯಲ್ಲಿ ತಂಡ ಸೇರಿದವಳು. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು, ಎಲ್ಲಿ ನಿಂತರೂ ಮುಖವನ್ನು ಸೂರ್ಯನ ಕಡೆಗೇ ಇಟ್ಟು, ಹಾಡುತ್ತ ಮಕ್ಕಳನ್ನು ಸುತ್ತುತ್ತಿದ್ದಳು.

"ಬಿದಿಗಿ ಬಂದೆ, ತದಿಗಿ ಬಂದೆ,
ತಟಗ ತಟಗ ಬೆಳಕ ತಂದೆ..."

ಮೊದಲು ಮಕ್ಕಳಿಗೆ ತುಸುವೇ ತುಸು, ಅವಳ ಕೆನ್ನೆಯ ಅಂಚು ಮಾತ್ರ ಕಾಣುತ್ತಿತ್ತು. ಆಮೇಲೆ ಅರ್ಧ ಮುಖ. ಅವರನ್ನು ದಾಟಿ ಆಚೆ ಗೋಡೆಗೆ ಹೋಗಿ ನಿಂತಾಗ ಪೂರ್ತಿ ಮುಖ. ಹುಣ್ಣಿಮೆ. ಅಲ್ಲಿಗೆ ಆಟ ಮುಗಿಯುತ್ತಿತ್ತು.

ಹುಣ್ಣಿಮೆ ನೋಡಲು ಮಕ್ಕಳೆಲ್ಲ ಕೂತಲ್ಲೇ ತಿರುಗುತ್ತಿದ್ದವು. ಸೂರ್ಯನಿಗೆ ಸಿಗುತ್ತಿದ್ದದ್ದು ಅವುಗಳ ಬೆನ್ನು.

ಆಟ ಮುಗಿದರೆ "ಚಂದ್ರಕ್ಕಾ, ಚಂದ್ರಕ್ಕಾ" ಎಂದು ಮಕ್ಕಳು ಅವಳ ಸೆರಗು ಬಿಡುತ್ತಿರಲಿಲ್ಲ. ಯಮನೂರ ಒಬ್ಬನೇ ಜಮಖಾನೆ ಬಿಚ್ಚುತ್ತಿದ್ದ. ಬಿಚ್ಚುತ್ತ ಬಿಚ್ಚುತ್ತ ಅವನ ಹೊಟ್ಟೆಯೊಳಗೆ ಇನ್ನೊಂದು ಬತ್ತಿ ಹತ್ತಿಕೊಳ್ಳುತ್ತಿತ್ತು.

ಒಂದು ದಿನ ಹೊಳೆಯ ದಂಡೆಯಲ್ಲಿ ಗುರುಗಳ ಮುಂದೆ ಬಂದು ಕೂತ.

"ಗುರುಗಳ, ಚಂದ್ರನ ಪಾರ್ಟು ನನಗ ಕೊಡ್ರಿ."

"ಸೂರ್ಯಂದೇನು ತ್ರಾಸು?"

"ಸೂರ್ಯನ್ನ ಯಾರು ನೋಡ್ತಾರ್ರಿ?"

"ನೋಡಬಾರದಪಾ. ಕಣ್ಣು ಹೋಗ್ತಾವ."

ಯಮನೂರನಿಗೆ ನಗು ಬರಲಿಲ್ಲ. "ಬೆಳಕು ನಂದು, ಹೆಸರು ಅಕಿದು. ಇದ್ಯಾವ ನ್ಯಾಯ್ರಿ? ಕೊಡ್ರಿ, ಇಲ್ಲಾ ನನ್ನ ದಾರಿ ನಾ ಹಿಡೀತೀನಿ."

ಗುರುಗಳು ದಪ್ಪಿನ ಚರ್ಮವನ್ನು ಬಿಸಿಲಿಗೆ ಹಿಡಿದು, ಬೆರಳಿನಿಂದ ತಟ್ಟಿ ನೋಡಿದರು. "ಹೋಗೂದಾದ್ರ ಮೊದಲ ಹೇಳು. ಬತ್ತಿ ಹಿಡಿಯಾಕ ಯಾರನ್ನರ ಹುಡುಕಬೇಕು."

ಬತ್ತಿ ಹಿಡಿಯುವವನು. ಅಷ್ಟೇ ತಾನು ಎಂದು ಯಮನೂರ ರಾತ್ರಿಯೆಲ್ಲ ಹಲ್ಲು ಕಡಿದ.

ಮರುದಿನ ಹೊಳೆಯಾಚೆಯ ಶಾಲೆ. ಬಿದಿಗೆ ಬಂತು, ತದಿಗೆ ಬಂತು. ಹುಲಿಗೆವ್ವ ಹಾಡುತ್ತ ಹಾಡುತ್ತ ಆಚೆ ಗೋಡೆ ಮುಟ್ಟಿದಳು. ಮಕ್ಕಳು ತಿರುಗಿದವು. ಎದುರಿಗೆ ಬರೀ ಬೆನ್ನು.

ಯಮನೂರ ಗ್ಯಾಸ್‌ಬತ್ತಿಯ ಸಮೇತ ಗೋಡೆಯ ಕಡೆ ತಿರುಗಿಬಿಟ್ಟ.

ಚಂದ್ರ ಕತ್ತಲಲ್ಲಿ ಮುಳುಗಿತು. ಹಾಡು ಮಾತ್ರ ನಿಲ್ಲಲಿಲ್ಲ.

ಆಮೇಲೆ ಯಾವುದೋ ಹುಡುಗಿ ಕೂಗಿದಳು: "ಅಮಾಸಿ!"

"ಅಮಾಸಿ! ಅಮಾಸಿ! ಸೂರ್ಯಾಗ ಸಿಟ್ಟು ಬಂತು!"

ಕೋಣೆ ಹಾರಿಹೋಗುವಂಥ ಚಪ್ಪಾಳೆ. ಶಾಲೆಯ ಅಕ್ಕೋರು ಓಡಿ ಬಂದು ಯಮನೂರನಿಗೇ ಕೈಮುಗಿದರು. "ಅಮಾಸಿ ಏನು ಛಲೋ ತೋರಿಸಿದ್ರಿ! ನಾ ಎಷ್ಟು ಹೇಳಿದ್ರೂ ತಲಿಗೆ ಹೋಗ್ತಿದ್ದಿಲ್ಲ ಇವಕ್ಕ."

ಅಂದು ಮಕ್ಕಳು ಸೂರ್ಯನ ಸುತ್ತ ಮುತ್ತಿದವು. ಒಬ್ಬ ರುಮಾಲು ಮುಟ್ಟಿ ನೋಡಿದ. "ಸೂರ್ಯಪ್ಪಾ, ಯಾಕ ಸಿಟ್ಟು ಮಾಡಿದಿ?" ಎಂದ. ಯಮನೂರನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಓರೆಗಣ್ಣಿನಿಂದ ನೋಡಿದ. ಜಮಖಾನೆ ಬಿಚ್ಚುತ್ತಿದ್ದವಳು ಹುಲಿಗೆವ್ವ.

ಹೊಳೆ ದಾಟಿ ದೋಣಿ ಇಳಿದ ಮೇಲೆ ಯಮನೂರ ಗುರುಗಳನ್ನು ಕೇಳಿದ.

"ದಿನಾ ಹಂಗ ಮಾಡೋಣೇನ್ರಿ?"

ಗುರುಗಳು ಕಾಲು ತೊಳೆಯುತ್ತಿದ್ದರು. "ಅಮಾಸಿ ದಿನ ಸೂರ್ಯ ಬೆನ್ನು ತಿರುವತಾನೇನೋ?"

"ಇಲ್ರಿ."

"ಅಲ್ಲಿ ಒಂದು ಸಾಲಿ ತುಂಬ ಹುಡುಗ್ರು ಹಂಗ ತಿಳಕೊಂಡು ಮನಿಗೆ ಹೋಗ್ಯಾವ. ಹಾಡ್ಕೋಂತ ಹೋಗ್ಯಾವ."

ಯಮನೂರ ತಲೆಯ ಹಳದಿ ರುಮಾಲು ಬಿಚ್ಚಿದ.

"ನಾವು ಹಾಡಿನಾಗ ಕಲಿಸಿದ್ದು ಮುದುಕ್ರಾದ್ರೂ ಬಿಡಂಗಿಲ್ಲ ಅವು. ಹೋಗಿ ಬಿಡಿಸಿ ಬಾ."

"ಹ್ಯಾಂಗ್ರಿ ಬಿಡಿಸೂದು?"

"ಖರೇ ಅಮಾಸಿ ತೋರಿಸು."

"ಅದಕ್ಕ ಚಂದ್ರ ಬೇಕಲ್ರಿ."

"ಬೇಕು" ಎಂದು ಗುರುಗಳು ಇನ್ನೊಂದು ಕಾಲು ತೊಳೆದರು.

ಹುಲಿಗೆವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಯಮನೂರ ಬಂದು ನಿಂತ. ಅವಳು ತಲೆ ಎತ್ತಲಿಲ್ಲ.

"ಹುಲಿಗೆವ್ವಾ, ನಾಳೆ ಮತ್ತ ಆ ಸಾಲಿಗೆ ಬರ್ತೀಯೇನು?"

"ಯಾಕ? ಇನ್ನೊಮ್ಮೆ ಕತ್ತಲಾಗ ನಿಲ್ಲಿಸಬೇಕಾಗೈತೇನು?"

"ಬತ್ತಿ ಜಾರಿ..." ಎಂದವನು ನಾಲಿಗೆ ಕಚ್ಚಿಕೊಂಡ. "ಜಾರಲಿಲ್ಲ. ಬೇಕಂತ ತಿರುವಿದೆ."

"ಗೊತ್ತೈತಿ ಬಿಡೋ ಯಮನೂರಣ್ಣ. ಜಾರಿದ್ರ ಅಷ್ಟು ಚಂದ ಗೋಡಿ ಬೆಳಗ್ತಿದ್ದಿಲ್ಲ." ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಬರ್ತೀನಿ. ಆದ್ರ ಯಾಕ ತಿರುವಿದಿ ಅಂತ ಹುಡುಗ್ರ ಮುಂದ ನೀನ ಹೇಳಬೇಕು."

ಬೆಳಿಗ್ಗೆ ಮತ್ತೆ ಅದೇ ಕೋಣೆ, ಅದೇ ಕತ್ತಲು. ಗುರುಗಳು ಮಕ್ಕಳ ನಡುವೆ ಭೂಮಿಯಾಗಿ ಕೂತರು. ಯಮನೂರ ಸ್ಟೂಲು ಹತ್ತಿದ.

"ನಿನ್ನೆ ತೋರಿಸಿದ್ದು ಸುಳ್ಳು," ಎಂದ. "ಸೂರ್ಯ ಸಿಟ್ಟಾಗಂಗಿಲ್ಲ. ಸಿಟ್ಟಾದಾಂವ ನಾನು."

"ಯಾಕ?" ಹತ್ತಾರು ದನಿ.

"ನೀವೆಲ್ಲಾ ಅಕಿನ್ನ ನೋಡ್ತಿದ್ರಿ. ನನ್ನ ಯಾರೂ ನೋಡ್ತಿದ್ದಿಲ್ಲ. ಅದಕ್ಕ."

ಮಕ್ಕಳು ನಕ್ಕವು. ಒಬ್ಬ ನಗಲಿಲ್ಲ. "ನಮ್ಮನ್ಯಾಗ ತಂಗಿ ಹುಟ್ಟಿದಾಗ ನಾನೂ ಹಂಗ ಮಾಡಿದ್ದೆ," ಎಂದ. ಎಲ್ಲರೂ ಇನ್ನಷ್ಟು ನಕ್ಕರು.

"ಈಗ ಖರೇದು ನೋಡ್ರಿ," ಎಂದ ಯಮನೂರ.

ಹುಲಿಗೆವ್ವ ಹುಣ್ಣಿಮೆಯನ್ನು ದಾಟಿ ಮುಂದೆ ನಡೆದಳು. ಪೂರ್ತಿ ಮುಖ ಅರ್ಧವಾಯಿತು. ಅರ್ಧ ಸವೆದು ಕೆನ್ನೆಯ ಅಂಚಾಯಿತು. ಕೊನೆಗೆ ಮಕ್ಕಳಿಗೂ ಸೂರ್ಯನಿಗೂ ನಡುವೆ ಬಂದು, ಮಕ್ಕಳಿಗೆ ಬೆನ್ನು ಹಾಕಿ, ಸ್ಟೂಲಿನ ಬುಡದಲ್ಲಿ ನಿಂತಳು.

"ಚಂದ್ರಕ್ಕ ಕಾಣವಲ್ಲಳು!"

"ಹಾಡು ಕೇಳ್ತೈತಿ, ಮುಖ ಇಲ್ಲ!"

"ಅಮಾಸಿ! ಚಂದ್ರ ಅಲ್ಲೇ ಅದಾನ, ನಮಗ ಕಾಣವಲ್ಲ ಅಷ್ಟ!"

ಗುರುಗಳ ದಪ್ಪು ಸಣ್ಣಗೆ ನುಡಿಯುತ್ತಿತ್ತು.

ಯಮನೂರ ಬತ್ತಿ ಹಿಡಿದೇ ಇದ್ದ. ಇಷ್ಟು ದಿನ ಆಟ ನಡೆದಾಗಲೆಲ್ಲ ಅವನ ಕಣ್ಣು ಇರುತ್ತಿದ್ದದ್ದು ಮಕ್ಕಳ ಮೇಲೆ: ಯಾವುದು ಯಾರನ್ನು ನೋಡುತ್ತಿದೆ, ಯಾವುದು ತನ್ನ ಕಡೆ ಬೆನ್ನು ಹಾಕಿದೆ. ಈಗ ಮಕ್ಕಳು ಕಾಣುತ್ತಿರಲಿಲ್ಲ. ಅವುಗಳಿಗೆ ಅಡ್ಡವಾಗಿ ಒಂದು ಮುಖ ನಿಂತಿತ್ತು. ಮೊಳ ದೂರದಲ್ಲಿ, ಅವನ ಬೆಳಕನ್ನೆಲ್ಲ ಕುಡಿದು, ಅವನ ಕಡೆಗೇ ಮೇಲೆ ತಿರುಗಿ, ಹಾಡುತ್ತಿತ್ತು. ಅದನ್ನು ಬೇರೆ ಯಾರೂ ನೋಡುತ್ತಿರಲಿಲ್ಲ.

ಹಾಡು ಮುಗಿಯಿತು. ಅವನು ಕೆಳಗಿಳಿಯುವುದನ್ನೇ ಮರೆತ. ಅಕ್ಕೋರು ಬಂದು ಕಿಟಕಿ ತೆರೆದರು.

ಮಕ್ಕಳು ಮತ್ತೆ ಚಂದ್ರಕ್ಕನ ಸೆರಗು ಹಿಡಿದವು. ಯಮನೂರ ಜಮಖಾನೆ ಮಡಚಿದ.

ಹೊಳೆಯ ದಂಡೆಗೆ ಬಂದ ಮೇಲೆ ಗುರುಗಳೇ ಮಾತು ತೆಗೆದರು.

"ಚಂದ್ರನ ಪಾರ್ಟು ಕೇಳಿದ್ದಿಯಲ್ಲ. ತಗೋ. ನಾಳಿಂದ ನಿಂದು."

ಯಮನೂರನ ಮುಖ ಅರಳಿತು. ಮರುಕ್ಷಣ ಅನುಮಾನ ಬಂತು.

"ಹಂಗಾರ ಸೂರ್ಯ ಯಾರ್ರಿ?"

"ಹುಲಿಗೆವ್ವ ಬತ್ತಿ ಹಿಡೀತಾಳ."

"ಅಮಾಸಿ ಹಾಡಿನಾಗ..."

"ಅಕಿ ನಿನ್ನ ಮುಖ ನೋಡ್ತಾಳ."

"ಅಕಿ ಮುಖ?"

"ಅದು ಬತ್ತಿ ತಗಡಿನ ಹಿಂದ ಇರ್ತೈತಿ. ಯಾರಿಗೂ ಕಾಣಂಗಿಲ್ಲ."

ಯಮನೂರ ಹೊಳೆಯ ಕಡೆ ನೋಡಿದ. ಗ್ಯಾಸ್‌ಬತ್ತಿಯನ್ನು ತನ್ನ ತೊಡೆಯ ಹತ್ತಿರಕ್ಕೆ ಎಳೆದುಕೊಂಡ.

"ಬ್ಯಾಡ್ರಿ," ಎಂದ. "ಬತ್ತಿ ನನ್ನ ಕಡೆನ ಇರಲಿ. ಯಾರಿಗೂ ಕೊಡಂಗಿಲ್ಲ."

ಗುರುಗಳು ನಕ್ಕರು. ನಗುತ್ತ ನಗುತ್ತ ಅವರ ಮುಖ ಸಣ್ಣದಾಯಿತು. ಶಾಲು ಸರಿಮಾಡಿಕೊಂಡು ಶಿಷ್ಯನ ಮಗ್ಗಲಿಗೆ ಜರುಗಿ ಕೂತರು.

"ಹಂಗಾರ ನನಗೊಂದೀಟು ಹೇಳೋ ತಮ್ಮಾ. ಅಮಾಸಿ ದಿನ ಚಂದ್ರ ಹ್ಯಾಂಗ ಕಾಣ್ತಾನ? ನಾ ಭೂಮಿ. ಒಂದು ಸಲಾನೂ ನೋಡಿಲ್ಲ."