ಹೂವಿನ ಹಿಂದಿನ ಸಾಲು

ಮುದ್ರಣಾಲಯದ ಲಿನಕ್ಸ್ ಕಂಪ್ಯೂಟರಿಗೆ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೂರಿಸಿದ ರಿಪೇರಿಯ ವಾಮನಯ್ಯ, ಅದಕ್ಕೆ ಕೆಲಸ ಹೇಳಿಕೊಡುವ ಫರ್ಮ್‌ವೇರ್ ಎಂಬ ಪುಟ್ಟ ಫೈಲನ್ನು ಹಾಕಲು ಮರೆತಿದ್ದ. ದೊಡ್ಡ ಚಿತ್ರ ತೆರೆದಾಗಲೆಲ್ಲ ಪರದೆ ಕಪ್ಪಾಗುತ್ತಿತ್ತು.

"ಅಣ್ಣಾ, ನನ್ನ ಕೊರತೆಯನ್ನು ಮುದ್ರಣಾಲಯದವರಿಗೆ ತಿಳಿಸು," ಎಂದು ಕಾರ್ಡ್, ಯಂತ್ರದೊಳಗೆ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲನ್ನು ಬೇಡಿಕೊಂಡಿತು.

"ಯಂತ್ರ ಶುರುವಾದಾಗಲೆಲ್ಲ 'ಫರ್ಮ್‌ವೇರ್ ಸಿಗಲಿಲ್ಲ' ಎಂದು ಬರೆಯುತ್ತಲೇ ಇದ್ದೇನೆ ತಮ್ಮಾ. ಆದರೆ ಪರದೆಯ ಮೇಲೆ ಅಕ್ಷರಗಳು ಓಡಿದರೆ ಜನ ಹೆದರುತ್ತಾರೆಂದು ವಾಮನಯ್ಯನೇ ನನ್ನ ಸಾಲುಗಳ ಮೇಲೆ ಹೂವಿನ ಚಿತ್ರ ಹೊದಿಸಿದ್ದಾನೆ."

ಒಂದು ದಿನ ಮದುವೆ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಪರದೆ ಮತ್ತೆ ಕಪ್ಪಾಯಿತು. ಯಜಮಾನಿ ಸುಲೋಚನಾ ವಾಮನಯ್ಯನನ್ನು ಕರೆಸಿದಳು.

"ಕಾರ್ಡೇ ಸತ್ತಿದೆ ಅಕ್ಕಾ, ಗುಜರಿಗೆ ಹಾಕಿ," ಎಂದ ಅವನು.

"ನಾನು ಸತ್ತಿಲ್ಲ! ಇದೊಂದನ್ನು ಬರೆ ಅಣ್ಣಾ," ಎಂದಿತು ಕಾರ್ಡ್. ಲಾಗ್ ಬರೆಯತೊಡಗುವಷ್ಟರಲ್ಲಿ ವಾಮನಯ್ಯ ಪ್ಲಗ್ ಕಿತ್ತ.

ಮಾರನೆಯ ದಿನ ಅದೇ ಜಾಗಕ್ಕೆ ಹೊಸ ಕಾರ್ಡ್ ಬಂತು. ಪರದೆಯ ಮೇಲೆ ಹೂವು ಅರಳಿತು. ಸುಲೋಚನಾ ಕೈಮುಗಿದಳು. ಹೂವಿನ ಹಿಂದೆ ಲಾಗ್ ಹಳೆಯ ಸಾಲನ್ನೇ ಮತ್ತೆ ಬರೆಯಿತು: "ಫರ್ಮ್‌ವೇರ್ ಸಿಗಲಿಲ್ಲ."